ಮನೆಯ ಬೆಕ್ಕು: ಹೆದರಬೇಕಾದದ್ದು ಯಾವುದಕ್ಕೆ?

ಕಳೆದ ಮಳೆಗಾಲದ ಒಂದು ಸಂಜೆ. ಅಸರ್ ನಮಾಝ್ ಮುಗಿಸಿ ಕ್ಲಿನಿಕ್‌ಗೆ ಬಂದಾಗ ಹಿರಿಯ ಮಹಿಳೆಯೊಬ್ಬರು ಗರ್ಭಿಣಿ ಸೊಸೆಯನ್ನೂ ಏಳೆಂಟು ವರ್ಷದ ಮೊಮ್ಮಗನನ್ನೂ ಕರೆದುಕೊಂಡು ಕಾದು ಕುಳಿತಿದ್ದರು. ಸೊಸೆಗೆ ಮೂರನೇ ತಿಂಗಳು. ವಾಂತಿ, ಊಟ ಸೇರುತ್ತಿಲ್ಲ. ಅದರ ಬಗ್ಗೆ ಮಾತಾಡಿ ಮುಗಿದ ಮೇಲೆ ಅತ್ತೆ ಸ್ವರ ತಗ್ಗಿಸಿ ಕೇಳಿದರು: “ಡಾಕ್ಟ್ರೇ, ಮನೆಯಲ್ಲಿ ಒಂದು ಬೆಕ್ಕು ಉಂಟು. ಬಸುರಿ ಇರುವ ಮನೆಯಲ್ಲಿ ಬೆಕ್ಕು ಇರಬಾರದು ಅಂತ ಎಲ್ಲರೂ ಹೇಳ್ತಾರೆ. ನಾಳೆ ಗೋಣಿಯಲ್ಲಿ ಹಾಕಿ ಮೀನು ಮಾರ್ಕೆಟಿನ ಹತ್ರ ಬಿಟ್ಟು ಬರ್ಲಿಕ್ಕೆ ಮಗನಿಗೆ ಹೇಳಿದ್ದೇನೆ. ಸರಿ ಅಲ್ವಾ?”

ಬಾಗಿಲಿಗೆ ಒರಗಿ ನಿಂತಿದ್ದ ಹುಡುಗ ನನ್ನ ಮುಖವನ್ನೇ ನೋಡುತ್ತಿದ್ದ. ಅವನ ಮುಂಗೈಗೆ ಅರಿಶಿನ ಹಚ್ಚಿತ್ತು. ಏನೆಂದು ಕೇಳಿದೆ. “ಮೊನ್ನೆ ಬೇಲಿಯ ಮುಳ್ಳು ತಾಗಿದ್ದಂತೆ” ಎಂದರು ಅಜ್ಜಿ. ಅರಿಶಿನ ಒರೆಸಿ ನೋಡಿದೆ. ರಕ್ತ ಬಂದು ಒಣಗಿದ ಮೂರು ಗೀರುಗಳು, ಒಂದರ ಪಕ್ಕ ಒಂದು. ಮುಳ್ಳು ಹಾಗೆ ಗೀರುವುದಿಲ್ಲ. ನಾನು ಮೊದಲು ಅಜ್ಜಿಯ ಪ್ರಶ್ನೆಗೆ ಉತ್ತರ ಕೊಟ್ಟೆ: “ಬೆಕ್ಕನ್ನು ಎಲ್ಲಿಗೂ ಬಿಡಬೇಕಾಗಿಲ್ಲ. ಮನೆಯಲ್ಲೇ ಇರಲಿ.” ಆಗ ಹುಡುಗ ತಾನಾಗಿಯೇ ಹೇಳಿದ: “ಪುಚ್ಚೆ ಪರಚಿದ್ದು.”

ಪರಚಿದ್ದನ್ನು ಹೇಳಿದರೆ ಬೆಕ್ಕನ್ನು ಗೋಣಿಗೆ ಹಾಕುತ್ತಾರೆ ಎಂದು ಆ ಮಗು ಎರಡು ದಿನ ಗಾಯದ ಕಾರಣವನ್ನು ಮುಚ್ಚಿಟ್ಟಿತ್ತು. ಬೆಕ್ಕಿಗೆ ರೇಬೀಸ್ ಚುಚ್ಚುಮದ್ದು ಹಾಕಿಸಿದ್ದೀರಾ ಎಂದು ಕೇಳಿದರೆ, “ಬೆಕ್ಕಿಗೂ ಹಾಕ್ಲಿಕ್ಕೆ ಉಂಟಾ?” ಎಂದರು ಅಜ್ಜಿ.

ಅವರನ್ನು ದೂರಲು ನನಗೆ ಬಾಯಿಲ್ಲ. ಹತ್ತು ಹನ್ನೆರಡು ವರ್ಷಗಳ ಹಿಂದೆ ಇನ್ನೊಂದು ಕುಟುಂಬ ಇದೇ ಪ್ರಶ್ನೆ ಕೇಳಿದಾಗ ಸರಿಯಾಗಿ ಓದಿ ತಿಳಿಯದೆ, “ಬಿಟ್ಟುಬಿಡಿ, ಯಾಕೆ ತೊಂದರೆ?” ಎಂದವನು ನಾನೇ. ಅವರು ಅಂದೇ ಬಿಟ್ಟು ಬಂದರು. ಆ ಬೆಕ್ಕು ಏನಾಯಿತೋ ಗೊತ್ತಿಲ್ಲ. ಅದರ ಲೆಕ್ಕ ಕೇಳುವ ದಿನ ಉತ್ತರ ಹೇಳಬೇಕಾದವರಲ್ಲಿ ನಾನೂ ಒಬ್ಬ.

ಬೆಕ್ಕಿನ ವಿಷಯದಲ್ಲಿ ನಾವು ಹೆದರಬಾರದ್ದಕ್ಕೆ ಹೆದರುತ್ತೇವೆ, ಹೆದರಬೇಕಾದ್ದನ್ನು ಅರಿಶಿನ ಹಚ್ಚಿ ಮರೆಯುತ್ತೇವೆ. ಯಾವುದು ಯಾವುದು ಎಂದು ಒಂದೊಂದಾಗಿ ತಿಳಿದುಕೊಳ್ಳೋಣ.

ಬೆಕ್ಕು ಮುಟ್ಟಿದ ನೀರು

ಸಹಾಬಿ ಅಬೂ ಖತಾದಾ(ರ)ರ ಮನೆಯಲ್ಲಿ ನಡೆದ ಘಟನೆ ನಿಮಗೆ ತಿಳಿದಿರಬಹುದು. ಅವರ ಸೊಸೆ ಕಬ್‌ಶಾ ವುಝೂಗಾಗಿ ನೀರು ತಂದಿಟ್ಟಾಗ ಬೆಕ್ಕೊಂದು ಕುಡಿಯಲು ಬಂತು. ಅವರು ಅದನ್ನು ಓಡಿಸಲಿಲ್ಲ. ಸುಲಭವಾಗಿ ಕುಡಿಯುವಂತೆ ಪಾತ್ರೆಯನ್ನೇ ವಾಲಿಸಿದರು. ಸೊಸೆ ಅಚ್ಚರಿಯಿಂದ ನೋಡಿದಾಗ, ಬೆಕ್ಕು ನಜಸ್ ಅಲ್ಲ, ಅದು ನಿಮ್ಮ ನಡುವೆ ಸುತ್ತಾಡಿಕೊಂಡಿರುವ ಜೀವಿಗಳಲ್ಲಿ ಒಂದು ಎಂಬರ್ಥದ ಪ್ರವಾದಿ(ಸ)ರ ಮಾತನ್ನು ತಿಳಿಸಿದರು. ಇಮಾಮ್ ಮಾಲಿಕ್, ಅಬೂದಾವೂದ್, ತಿರ್ಮಿದಿ ಇದನ್ನು ವರದಿ ಮಾಡಿದ್ದಾರೆ.

ಇದರ ಆಧಾರದಲ್ಲಿ ಶಾಫಿಈ ಮದ್‌ಹಬ್‌ನಲ್ಲಿ ಬೆಕ್ಕು ಕುಡಿದು ಉಳಿದ ನೀರು ಶುದ್ಧ. ಹನಫಿ ಮದ್‌ಹಬ್‌ನಲ್ಲಿ ಬೇರೆ ನೀರು ಇರುವಾಗ ಅದರಿಂದ ವುಝೂ ಮಾಡುವುದು ಮಕ್ರೂಹ್. ಆದರೆ ಬೆಕ್ಕಿನ ಮಲಮೂತ್ರ ನಜಸ್ ಎಂಬುದರಲ್ಲಿ ಈ ಎರಡು ಮದ್‌ಹಬ್‌ಗಳಿಗೂ ಭಿನ್ನಾಭಿಪ್ರಾಯವಿಲ್ಲ. ಮುಸಲ್ಲಾದ ಮೇಲೆ ಬೆಕ್ಕು ಮಲಗಿ ಎದ್ದರೆ ಗಾಬರಿ ಬೇಡ, ಮೂತ್ರ ಮಾಡಿದ್ದರೆ ತೊಳೆಯಲೇಬೇಕು. ಉದುರಿದ ಕೂದಲಿನ ವಿಷಯದಲ್ಲಿ ಮದ್‌ಹಬ್‌ಗಳ ನಡುವೆ ವ್ಯತ್ಯಾಸವಿದೆ. ಬಟ್ಟೆಗೆ ಅಂಟಿದ ಒಂದೆರಡು ಕೂದಲಿಗೆ ಶಾಫಿಈಯಲ್ಲೂ ರಿಯಾಯಿತಿ ಇದೆ. ವಿವರವನ್ನು ನಿಮ್ಮ ಉಸ್ತಾದರಲ್ಲಿ ಕೇಳಿಕೊಳ್ಳಿ. ನಾನು ವೈದ್ಯ, ಮುಫ್ತಿಯಲ್ಲ.

ಇನ್ನೊಂದು ಮಾತು. ಮಲಗಿದ್ದ ಬೆಕ್ಕನ್ನು ಎಬ್ಬಿಸದೆ ಪ್ರವಾದಿ(ಸ)ರು ತಮ್ಮ ಬಟ್ಟೆಯ ತುದಿಯನ್ನೇ ಕತ್ತರಿಸಿದರು ಎಂಬ ಕಥೆ ಮೊಬೈಲ್‌ಗಳಲ್ಲಿ ಓಡಾಡುತ್ತಿದೆ. ಅದು ಪ್ರಾಮಾಣಿಕ ಹದೀಸ್ ಗ್ರಂಥಗಳಲ್ಲಿಲ್ಲ. ಬೆಕ್ಕಿನ ಮೇಲಿನ ಪ್ರೀತಿ ಈಮಾನಿನ ಭಾಗ ಎಂಬ ಮಾತೂ ಹದೀಸ್ ಅಲ್ಲವೆಂದು ವಿದ್ವಾಂಸರು ಹೇಳಿದ್ದಾರೆ. ಬೆಕ್ಕಿನ ಪರವಾಗಿ ಮಾತಾಡಲು ನಮಗೆ ಅಂಥ ಕಥೆಗಳ ಅಗತ್ಯವೂ ಇಲ್ಲ. ಬೆಕ್ಕನ್ನು ಕಟ್ಟಿಹಾಕಿ, ತಾನೂ ಉಣಿಸದೆ, ನೆಲದ ಹುಳುಹುಪ್ಪಟೆಯನ್ನಾದರೂ ತಿಂದುಕೊಳ್ಳಲು ಬಿಡದೆ ಕೊಂದ ಮಹಿಳೆ ನರಕದ ಶಿಕ್ಷೆಗೆ ಗುರಿಯಾದಳು ಎಂದು ತಿಳಿಸುವ ಹದೀಸ್ ಬುಖಾರಿ, ಮುಸ್ಲಿಮ್ ಎರಡರಲ್ಲೂ ಇದೆ. ಅತಿ ಹೆಚ್ಚು ಹದೀಸ್‌ಗಳನ್ನು ವರದಿ ಮಾಡಿದ ಸಹಾಬಿಯನ್ನು ನಾವು ಕರೆಯುವುದೇ ‘ಬೆಕ್ಕಿನ ಮರಿಯವರು’ ಎಂಬರ್ಥದ ಅಬೂ ಹುರೈರಾ(ರ) ಎಂಬ ಹೆಸರಿನಿಂದ. ಮನೆಯ ಆಡುಗಳನ್ನು ಮೇಯಿಸುತ್ತಿದ್ದ ಕಾಲದಲ್ಲಿ ಅವರ ಬಳಿ ಒಂದು ಪುಟ್ಟ ಬೆಕ್ಕಿತ್ತು. ರಾತ್ರಿ ಅದನ್ನು ಮರದ ಮೇಲೆ ಇರಿಸಿ, ಹಗಲು ಜೊತೆಗೆ ಕರೆದೊಯ್ದು ಆಡುತ್ತಿದ್ದರು.

ನಮ್ಮ ಹಿಂದಿನವರು ಈ ಪಾಠವನ್ನು ವಕ್ಫ್‌ನ ಮಟ್ಟಕ್ಕೂ ಒಯ್ದಿದ್ದರು. 19ನೇ ಶತಮಾನದಲ್ಲಿ ಕೈರೋದಲ್ಲಿ ವಾಸವಿದ್ದ ಆಂಗ್ಲ ವಿದ್ವಾಂಸ ಎಡ್ವರ್ಡ್ ಲೇನ್, ಸುಲ್ತಾನ್ ಬೈಬರ್ಸ್ ಬೆಕ್ಕುಗಳ ಉಪಯೋಗಕ್ಕಾಗಿ ಒಂದು ತೋಟವನ್ನು ಬಿಟ್ಟುಹೋಗಿದ್ದ ಬಗ್ಗೆ ಬರೆದಿದ್ದಾರೆ. ಕಾಝಿಯ ಮನೆಯ ಅಂಗಳದಲ್ಲಿ ದಿನವೂ ಮಧ್ಯಾಹ್ನದ ನಂತರ ಬೀದಿ ಬೆಕ್ಕುಗಳಿಗೆ ಬುಟ್ಟಿಯಲ್ಲಿ ಮಾಂಸದ ಚೂರು ತಂದು ಹಾಕುತ್ತಿದ್ದುದನ್ನೂ ಅವರು ದಾಖಲಿಸಿದ್ದಾರೆ.

ಅಲ್ಲಾಹನು ಕೊಟ್ಟ ರಚನೆ

ಬೆಕ್ಕು ಮನುಷ್ಯನ ಜೊತೆ ಬಾಳಲು ಶುರುಮಾಡಿ ಸಾವಿರಾರು ವರ್ಷಗಳಾದವು. ಸಾಕುಬೆಕ್ಕಿನ ಮೂಲ ಆಫ್ರಿಕಾ ಮತ್ತು ಪಶ್ಚಿಮ ಏಷ್ಯಾದ ಒಂದು ಕಾಡುಬೆಕ್ಕು. ಸೈಪ್ರಸ್ ದ್ವೀಪದಲ್ಲಿ ಸುಮಾರು 9,500 ವರ್ಷ ಹಳೆಯ ಸಮಾಧಿಯೊಂದರಲ್ಲಿ ಮನುಷ್ಯನ ಪಕ್ಕದಲ್ಲೇ ಬೆಕ್ಕಿನ ಅಸ್ಥಿಯೂ ಸಿಕ್ಕಿದೆ. ಧಾನ್ಯ ಕೂಡಿಟ್ಟಲ್ಲಿ ಇಲಿ ಬಂತು, ಇಲಿ ಬಂದಲ್ಲಿಗೆ ಬೆಕ್ಕು ಬಂತು. ಮಳೆ ಬಂತೆಂದರೆ ಇಲಿಜ್ವರದ ಹೆದರಿಕೆ ಇರುವ ನಮ್ಮ ಊರುಗಳಲ್ಲಿ ಆ ನಂಟು ಇಂದಿಗೂ ಸಣ್ಣದಲ್ಲ.

ಅದರ ನಾಲಿಗೆಯನ್ನು ಮುಟ್ಟಿ ನೋಡಿದ್ದೀರಾ? ಅರದಂತೆ ಒರಟು. ಒಳಮುಖವಾಗಿ ಬಾಗಿದ ಸಣ್ಣ ಮುಳ್ಳುಗಳು ಅದರ ಮೇಲಿವೆ. ಬಾಚಣಿಗೆಯೂ ಅದೇ, ಟವೆಲ್ಲೂ ಅದೇ. ಎಚ್ಚರವಿರುವ ಹೊತ್ತಿನಲ್ಲಿ ದೊಡ್ಡ ಪಾಲನ್ನು ಅದು ಮೈ ನೆಕ್ಕಿ ಶುಚಿಗೊಳಿಸುವುದರಲ್ಲೇ ಕಳೆಯುತ್ತದೆ. ಮಲ ವಿಸರ್ಜಿಸಿದ ಮೇಲೆ ಮಣ್ಣು ಮುಚ್ಚುತ್ತದೆ. ಮೀಸೆಯ ಕೂದಲಿನಿಂದ ಕತ್ತಲಲ್ಲಿ ದಾರಿಯ ಅಗಲವನ್ನು ಅಳೆಯುತ್ತದೆ. ಸಿಹಿಯ ರುಚಿ ಮಾತ್ರ ಅದಕ್ಕೆ ತಿಳಿಯುವುದಿಲ್ಲ. ಏಕೆಂದರೆ ಅದು ಮಾಂಸವನ್ನೇ ತಿಂದು ಬದುಕುವ ಪ್ರಾಣಿ.

ದಾರಿಯಲ್ಲಿ ಅಡ್ಡ ಬಂದರೆ ಅಪಶಕುನ ಎಂದು ಹೆದರುವವರು ನಮ್ಮಲ್ಲೂ ಇದ್ದಾರೆ. ಶಕುನ ನೋಡುವುದನ್ನು ಪ್ರವಾದಿ(ಸ)ರು ತಡೆದಿದ್ದಾರೆ. ಅಡ್ಡ ಬಂದ ಬೆಕ್ಕು ತನ್ನ ಕೆಲಸಕ್ಕೆ ಹೋಗುತ್ತಿದೆ, ನೀವು ನಿಮ್ಮ ಕೆಲಸಕ್ಕೆ ಹೋಗಿ.

ಗರ್ಭಿಣಿ ಇರುವ ಮನೆಯಲ್ಲಿ

ಅಜ್ಜಿಯ ಹೆದರಿಕೆಗೆ ಒಂದು ನಿಜವಾದ ಕಾರಣವಿದೆ. ಅದರ ಹೆಸರು ಟೊಕ್ಸೊಪ್ಲಾಸ್ಮಾ, ಕಣ್ಣಿಗೆ ಕಾಣದ ಒಂದು ಪರಾವಲಂಬಿ ಜೀವಿ. ಅದು ಬೆಕ್ಕಿನ ಕರುಳಿನಲ್ಲಿ ಬೆಳೆದು ಮಲದ ಮೂಲಕ ಹೊರಬರುತ್ತದೆ. ಗರ್ಭಿಣಿಗೆ ಜೀವನದಲ್ಲಿ ಮೊದಲ ಬಾರಿಗೆ ಈ ಸೋಂಕು ಗರ್ಭಾವಸ್ಥೆಯಲ್ಲೇ ತಗಲಿದರೆ ಹೊಟ್ಟೆಯಲ್ಲಿರುವ ಮಗುವಿನ ಮೆದುಳಿಗೂ ಕಣ್ಣಿಗೂ ಹಾನಿಯಾಗಬಹುದು, ಗರ್ಭಪಾತವೂ ಆಗಬಹುದು. ಆದ್ದರಿಂದ ಇದನ್ನು ಹಗುರವಾಗಿ ತೆಗೆದುಕೊಳ್ಳಬಾರದು.

ಆದರೆ ಮೂರು ವಿಷಯಗಳನ್ನು ಗಮನಿಸಿ. ಒಂದು, ಸೋಂಕು ತಗಲಿದ ಬೆಕ್ಕು ಈ ಜೀವಿಯ ಮೊಟ್ಟೆಯಂಥ ಕಣಗಳನ್ನು ಸಾಮಾನ್ಯವಾಗಿ ಒಂದರಿಂದ ಮೂರು ವಾರ ಮಾತ್ರ ಹೊರಹಾಕುತ್ತದೆ, ಜೀವನಪೂರ್ತಿ ಅಲ್ಲ. ಎರಡು, ಹೊರಬಂದ ಕೂಡಲೇ ಅವು ಸೋಂಕು ಹರಡುವುದಿಲ್ಲ. ಅದಕ್ಕೆ ಒಂದರಿಂದ ಐದು ದಿನ ಬೇಕು. ಮೂರು, ಅವು ಇರುವುದು ಮಲದಲ್ಲಿ, ಬೆಕ್ಕಿನ ಬೆನ್ನಿನ ಮೇಲಲ್ಲ. ಬೆಕ್ಕು ಹತ್ತಿರ ಬಂದು ಕುಳಿತದ್ದರಿಂದ, ಅದನ್ನು ಸವರಿದ್ದರಿಂದ ಈ ರೋಗ ಬರುವುದು ತೀರಾ ಅಪರೂಪ.

ಹಾಗಾದರೆ ಬರುವುದು ಎಲ್ಲಿಂದ? ಸರಿಯಾಗಿ ಬೇಯದ ಮಾಂಸದಿಂದ, ತೊಳೆಯದ ಸೊಪ್ಪಿನಿಂದ, ಮಣ್ಣು ಮುಟ್ಟಿದ ಕೈಯಿಂದ, ಅಶುದ್ಧ ನೀರಿನಿಂದ. ಬೆಕ್ಕನ್ನು ಗೋಣಿಯಲ್ಲಿ ಹಾಕಿ ಬಿಟ್ಟು ಬಂದ ಮನೆಯಲ್ಲೇ ಕೀಮಾಕ್ಕೆ ಉಪ್ಪು ಹಿಡಿದಿದೆಯೇ ಎಂದು ಹಸಿಯದನ್ನೇ ನಾಲಿಗೆಗೆ ಹಚ್ಚಿ ನೋಡುವ ಅಭ್ಯಾಸ ಇರುತ್ತದೆ! ಬಕ್ರೀದ್ ದಿನ ಮಾಂಸ ಕತ್ತರಿಸಿದ ಹಲಗೆಯಲ್ಲೇ ಸೌತೆಕಾಯಿ ಹೆಚ್ಚುತ್ತೇವೆ. ಪುದೀನಾ, ಕೊತ್ತಂಬರಿಯನ್ನು ಒಮ್ಮೆ ನೀರಿಗೆ ಅದ್ದಿ ಚಟ್ನಿಗೆ ಹಾಕುತ್ತೇವೆ. ಹೆದರಬೇಕಾದದ್ದು ಇವುಗಳಿಗೆ.

ಗರ್ಭಿಣಿ ಇರುವ ಮನೆಯವರು ಇಷ್ಟು ಮಾಡಿ:

• ಬೆಕ್ಕಿನ ಮಲದ ಮರಳು ತಟ್ಟೆಯನ್ನು ಮನೆಯ ಬೇರೊಬ್ಬರು ಪ್ರತಿದಿನ ಶುಚಿ ಮಾಡಲಿ. ದಿನವೂ ತೆಗೆದರೆ ಕಣಗಳಿಗೆ ಸೋಂಕು ಹರಡುವ ಹಂತ ತಲುಪಲು ಅವಕಾಶ ಸಿಗುವುದಿಲ್ಲ. ಬೇರೆ ಯಾರೂ ಇಲ್ಲದಿದ್ದರೆ ಗರ್ಭಿಣಿ ಕೈಗವಸು ಧರಿಸಿ ಮಾಡಿ, ನಂತರ ಸಾಬೂನಿನಿಂದ ಕೈ ತೊಳೆಯಬೇಕು.
• ಅಂಗಳದ ಮಣ್ಣಿನಲ್ಲಿ ಗಿಡದ ಕೆಲಸಕ್ಕೂ ಕೈಗವಸು ಬೇಕು. ಮನೆ ಕಟ್ಟಲು ತಂದು ಸುರಿದ ಮರಳಿನ ರಾಶಿಯನ್ನು ಮುಚ್ಚಿಡಿ. ಊರಿನ ಬೆಕ್ಕುಗಳೆಲ್ಲ ಅಲ್ಲೇ ಹೋಗುತ್ತವೆ, ಮಕ್ಕಳೂ ಅಲ್ಲೇ ಆಡುತ್ತಾರೆ.
• ಮಾಂಸ ಒಳಗಿನ ತನಕ ಬೇಯಲಿ. ಮಧ್ಯದಲ್ಲಿ ಕೆಂಪು ಉಳಿದ ಕಬಾಬ್ ಗರ್ಭಿಣಿಗೆ ಬೇಡ. ಹಸಿ ಮಾಂಸದ ಹಲಗೆ, ಚಾಕು ಬೇರೆ ಇರಲಿ.
• ಬೆಕ್ಕಿಗೆ ಹಸಿ ಮಾಂಸ ಕೊಡಬೇಡಿ. ಬೇಯಿಸಿ ಕೊಡಿ.
• ಸಂಶಯವಿದ್ದರೆ ಹೆರಿಗೆ ತಜ್ಞರಲ್ಲಿ ಹೇಳಿ. ಸೋಂಕು ಹಳೆಯದೇ ಹೊಸದೇ ಎಂದು ತಿಳಿಯಲು ರಕ್ತ ಪರೀಕ್ಷೆ ಇದೆ.

ಪರಚಿದರೆ, ಕಚ್ಚಿದರೆ

ಈಗ ನಿಜವಾಗಿ ಹೆದರಬೇಕಾದ ವಿಷಯಕ್ಕೆ ಬರೋಣ. ರೇಬೀಸ್ ಎಂದರೆ ನಮಗೆ ನಾಯಿ ಮಾತ್ರ ನೆನಪಾಗುತ್ತದೆ. ನಮ್ಮ ದೇಶದಲ್ಲಿ ಈ ರೋಗ ಹೆಚ್ಚಾಗಿ ಬರುವುದು ನಾಯಿಯಿಂದ ಎಂಬುದು ಸರಿ. ಆದರೆ ರೋಗ ಹಿಡಿದ ನಾಯಿ ಕಚ್ಚಿದ ಬೆಕ್ಕಿಗೂ ರೇಬೀಸ್ ಬರುತ್ತದೆ, ಆ ಬೆಕ್ಕಿನಿಂದ ಮನುಷ್ಯನಿಗೂ ಬರುತ್ತದೆ. ವೈರಸ್ ಇರುವುದು ಜೊಲ್ಲಿನಲ್ಲಿ. ಬೆಕ್ಕು ತನ್ನ ಉಗುರನ್ನು ನೆಕ್ಕುತ್ತಲೇ ಇರುವುದರಿಂದ ರಕ್ತ ಬರುವಂತೆ ಪರಚಿದ್ದನ್ನೂ ಕಚ್ಚಿದಂತೆಯೇ ಪರಿಗಣಿಸಬೇಕು.

ರೋಗಲಕ್ಷಣ ಒಮ್ಮೆ ಶುರುವಾದರೆ ಸಾವು ಬಹುತೇಕ ಖಚಿತ. ಯಾವ ಪದ್ಧತಿಯಲ್ಲೂ ಗುಣಪಡಿಸುವ ಮದ್ದಿಲ್ಲ. ಇದನ್ನು ಯುನಾನಿ ವೈದ್ಯನಾಗಿ ಸ್ಪಷ್ಟವಾಗಿ ಹೇಳುತ್ತೇನೆ: ನನ್ನ ಬಳಿ ಇದಕ್ಕೆ ಮಜೂನ್ ಇಲ್ಲ, ಸಫೂಫ್ ಇಲ್ಲ. ಇದೆ ಎಂದು ಯಾರಾದರೂ ಹೇಳಿದರೆ ನಂಬಬೇಡಿ. ಇಬ್ನ್ ಸೀನಾ ತಮ್ಮ ‘ಅಲ್ ಕಾನೂನ್’ ಗ್ರಂಥದಲ್ಲಿ ಹುಚ್ಚುನಾಯಿ ಕಡಿತವನ್ನೂ, ರೋಗಿ ನೀರಿಗೆ ಬೆದರುವುದನ್ನೂ ವಿವರಿಸಿದ್ದಾರೆ. ರೋಗವನ್ನು ಅಷ್ಟು ಚೆನ್ನಾಗಿ ಗುರುತಿಸಿದ್ದ ಅವರ ಕಾಲದಲ್ಲಿ ಲಸಿಕೆ ಇರಲಿಲ್ಲ. ಅದು ಬಂದದ್ದು 1885ರಲ್ಲಿ, ಫ್ರಾನ್ಸಿನ ಲೂಯಿ ಪಾಶ್ಚರ್ ಜೋಸೆಫ್ ಮೈಸ್ಟರ್ ಎಂಬ 9 ವರ್ಷದ ಬಾಲಕನಿಗೆ ಕೊಟ್ಟಾಗ. ಇಬ್ನ್ ಸೀನಾ ಇಂದು ಇದ್ದಿದ್ದರೆ ರೋಗಿಯನ್ನು ಮೊದಲು ಲಸಿಕೆಗೇ ಕಳಿಸುತ್ತಿದ್ದರು ಎಂಬುದರಲ್ಲಿ ನನಗೆ ಸಂಶಯವಿಲ್ಲ.

ಒಳ್ಳೆಯ ಸುದ್ದಿ ಏನೆಂದರೆ, ವೈರಸ್ ನರಗಳ ಮೂಲಕ ನಿಧಾನವಾಗಿ ಮೆದುಳಿನ ಕಡೆಗೆ ಸಾಗುತ್ತದೆ. ಲಕ್ಷಣ ಕಾಣಲು ಸಾಮಾನ್ಯವಾಗಿ ಎರಡು ಮೂರು ತಿಂಗಳು ಬೇಕು, ಕೆಲವೊಮ್ಮೆ ಒಂದೇ ವಾರ, ಕೆಲವೊಮ್ಮೆ ಒಂದು ವರ್ಷ. ಆ ನಡುವೆ ಸರಿಯಾಗಿ ಚಿಕಿತ್ಸೆ ಪಡೆದರೆ ಇದು ತಡೆಯಬಹುದಾದ ರೋಗ.

ಏನು ಮಾಡಬೇಕು?

ಮೊದಲು, ಗಾಯವನ್ನು ಹರಿಯುವ ನೀರಿನಲ್ಲಿ ಸಾಬೂನು ಹಚ್ಚಿ 15 ನಿಮಿಷ ತೊಳೆಯಿರಿ. ಗಡಿಯಾರ ನೋಡಿಕೊಂಡೇ ತೊಳೆಯಿರಿ. ನಂತರ ಪೊವಿಡೋನ್ ಅಯೋಡಿನ್ ಹಚ್ಚಿ. ಅರಿಶಿನ, ಸುಣ್ಣ, ಮೆಣಸಿನ ಪುಡಿ, ಕಾಫಿ ಪುಡಿ, ಎಣ್ಣೆ, ಸೊಪ್ಪಿನ ರಸ ಯಾವುದೂ ಬೇಡ. ಬಿಗಿಯಾಗಿ ಕಟ್ಟಬೇಡಿ.

ನಂತರ, ಅದೇ ದಿನ ಆಸ್ಪತ್ರೆಗೆ ಹೋಗಿ. ಸರ್ಕಾರಿ ಆಸ್ಪತ್ರೆಗಳಲ್ಲಿ ಲಸಿಕೆ ಉಚಿತ. ಈಗ ಹೊಕ್ಕುಳ ಸುತ್ತ ಹದಿನಾಲ್ಕು ಸೂಜಿ ಹಾಕುವ ಕಾಲವಲ್ಲ. ಚರ್ಮದೊಳಗೆ ಕೊಡುವ ಕ್ರಮದಲ್ಲಿ ಮೊದಲ ದಿನ, ಬಳಿಕ 3, 7 ಮತ್ತು 28ನೇ ದಿನ. ಸ್ನಾಯುವಿಗೆ ಕೊಡುವುದಾದರೆ ಮೊದಲ ದಿನ, ಬಳಿಕ 3, 7, 14, 28ನೇ ದಿನ. ರಕ್ತ ಬಂದಿದ್ದರೆ, ಅಥವಾ ಇದ್ದ ಗಾಯವನ್ನು ಬೆಕ್ಕು ನೆಕ್ಕಿದ್ದರೆ, ಲಸಿಕೆಯ ಜೊತೆ ಗಾಯದ ಸುತ್ತ ಇಮ್ಯುನೋಗ್ಲೋಬುಲಿನ್ ಕೂಡ ಬೇಕು. ರಕ್ತ ಬಾರದ ಸಣ್ಣ ಗೀರಿಗೂ ಲಸಿಕೆ ಬೇಕು. ಗಾಯವಿಲ್ಲದ ಚರ್ಮವನ್ನು ನೆಕ್ಕಿದರೆ ತೊಳೆದುಕೊಂಡರೆ ಸಾಕು.

ಬೆಕ್ಕನ್ನು ಓಡಿಸಬೇಡಿ, ಕೊಲ್ಲಬೇಡಿ. ಹತ್ತು ದಿನ ಕಣ್ಣೆದುರು ಇಟ್ಟುಕೊಂಡು ಗಮನಿಸಿ. ಹತ್ತು ದಿನದ ನಂತರವೂ ಅದು ಆರೋಗ್ಯವಾಗಿದ್ದರೆ ಕಚ್ಚಿದಾಗ ಅದರ ಜೊಲ್ಲಿನಲ್ಲಿ ವೈರಸ್ ಇರಲಿಲ್ಲ ಎಂದರ್ಥ. ಉಳಿದ ಚುಚ್ಚುಮದ್ದಿನ ಬಗ್ಗೆ ಆಗ ವೈದ್ಯರು ನಿರ್ಧರಿಸುತ್ತಾರೆ. ಆದರೆ ಹತ್ತು ದಿನ ನೋಡಿ ಆಮೇಲೆ ಲಸಿಕೆ ಶುರುಮಾಡೋಣ ಎಂದು ಕಾಯುವುದು ದೊಡ್ಡ ತಪ್ಪು. ಬೆಕ್ಕನ್ನು ಗೋಣಿಯಲ್ಲಿ ಹಾಕಿ ಬಿಟ್ಟು ಬಂದರೆ ಈ ಹತ್ತು ದಿನದ ಸಾಕ್ಷಿಯೇ ಕೈತಪ್ಪುತ್ತದೆ.

ಗರ್ಭಿಣಿಯರಿಗೂ, ಹಾಲುಣಿಸುವ ತಾಯಂದಿರಿಗೂ, ಪುಟ್ಟ ಮಕ್ಕಳಿಗೂ ಈ ಲಸಿಕೆ ಕೊಡಬಹುದು. ಮೀನು, ಮಾಂಸ, ಮೊಟ್ಟೆ ಬಿಡುವ ಪಥ್ಯ ಬೇಡ. ದುಆ ಮಾಡಿ, ಓದಿಸಿ. ಆದರೆ ಅದನ್ನು ಆಸ್ಪತ್ರೆಗೆ ಹೋಗುವ ದಾರಿಯಲ್ಲಿ ಮಾಡಿ.

ಬೆಕ್ಕಿನ ಹಲ್ಲು ಸೂಜಿಯಂತೆ ಚೂಪು. ಹೊರಗೆ ಸಣ್ಣ ಚುಕ್ಕೆ ಕಂಡರೂ ಒಳಗೆ ಆಳಕ್ಕೆ ಇಳಿದಿರುತ್ತದೆ. ಕಚ್ಚಿದ ಜಾಗ ಒಂದೆರಡು ದಿನದಲ್ಲಿ ಕೆಂಪಾಗಿ ಊದಿಕೊಂಡರೆ ತಡಮಾಡದೆ ವೈದ್ಯರಿಗೆ ತೋರಿಸಿ. ಪರಚಿದ ಕೆಲ ವಾರಗಳ ನಂತರ ಕಂಕುಳಲ್ಲೋ ಕುತ್ತಿಗೆಯಲ್ಲೋ ಗಂಟು ಕಾಣಿಸಿ ಜ್ವರ ಬರುವುದೂ ಉಂಟು. ಆಗ ಬೆಕ್ಕು ಪರಚಿದ್ದನ್ನು ವೈದ್ಯರಿಗೆ ಹೇಳಲು ಮರೆಯಬೇಡಿ.

ಉಬ್ಬಸ ಮತ್ತು ಗಜಕರ್ಣ

ಬೆಕ್ಕಿನ ಕೂದಲು ಹೊಟ್ಟೆಗೆ ಹೋದರೆ ಉಬ್ಬಸ ಬರುತ್ತದೆ ಎಂಬ ಮಾತನ್ನು ಎಲ್ಲರೂ ಕೇಳಿದ್ದೇವೆ. ಹೊಟ್ಟೆಗೆ ಹೋದ ಕೂದಲಿನಿಂದ ಉಬ್ಬಸ ಬರುವುದಿಲ್ಲ. ಆದರೆ ಬೆಕ್ಕಿನ ಜೊಲ್ಲು ಮತ್ತು ಚರ್ಮದ ಗ್ರಂಥಿಗಳಲ್ಲಿರುವ ಒಂದು ಪ್ರೋಟೀನ್ ಕೆಲವರ ದೇಹಕ್ಕೆ ಒಗ್ಗುವುದಿಲ್ಲ. ಬೆಕ್ಕು ಮೈ ನೆಕ್ಕಿದಾಗ ಅದು ಕೂದಲಿಗೆ ಅಂಟಿ, ಒಣಗಿ, ದೂಳಾಗಿ ಗಾಳಿಗೆ ಸೇರುತ್ತದೆ. ಯುನಾನಿಯಲ್ಲಿ ‘ಝೀಕುನ್ನಫಸ್’ ಎನ್ನುವ ಉಬ್ಬಸದ ತೊಂದರೆ ಮೊದಲೇ ಇದ್ದವರಿಗೆ ಇದರಿಂದ ಹೆಚ್ಚಾಗಬಹುದು. ಅಂಥವರ ಮಲಗುವ ಕೋಣೆಗೆ ಬೆಕ್ಕನ್ನು ಬಿಡಬೇಡಿ. ಹಾಸಿಗೆಯ ಹೊದಿಕೆಯನ್ನು ಆಗಾಗ ಬಿಸಿನೀರಿನಲ್ಲಿ ಒಗೆಯಿರಿ. ನೆಲವನ್ನು ಒದ್ದೆ ಬಟ್ಟೆಯಿಂದ ಒರೆಸಿ. ಉಬ್ಬಸ ಹಿಡಿತಕ್ಕೆ ಬಾರದಿದ್ದರೆ ಮಾತ್ರ ಬೆಕ್ಕಿಗೆ ಬೇರೆ ಒಳ್ಳೆಯ ಮನೆ ಹುಡುಕಿ. ಬೀದಿಯಲ್ಲಿ ಬಿಡುವುದು ಬೇರೆ ಮನೆಗೆ ಕೊಡುವುದಕ್ಕೆ ಸಮವಲ್ಲ.

ಮಗುವಿನ ಕೆನ್ನೆ, ತೋಳಿನಲ್ಲಿ ಉಂಗುರದಂತೆ ತುರಿಕೆ ಕಂಡರೆ ಅದು ಗಜಕರ್ಣ ಇರಬಹುದು. ಬೆಕ್ಕಿನ ಮೈಮೇಲೂ ಕೂದಲು ಉದುರಿದ ಗುಂಡನೆಯ ಜಾಗ ಇದೆಯೇ ನೋಡಿ. ಮಗುವಿಗೆ ಮಾತ್ರ ಮುಲಾಮು ಹಚ್ಚಿ ಬೆಕ್ಕನ್ನು ಹಾಗೆಯೇ ಬಿಟ್ಟರೆ ರೋಗ ಮತ್ತೆ ಬರುತ್ತದೆ. ಇಬ್ಬರಿಗೂ ಒಟ್ಟಿಗೆ ಚಿಕಿತ್ಸೆ ಆಗಬೇಕು.

ನಮ್ಮಿಂದ ಬೆಕ್ಕಿಗೆ ಆಗುವ ಹಾನಿ

ಬೆಕ್ಕಿನಿಂದ ನಮಗೆ ಏನಾಗುತ್ತದೆ ಎಂದು ಕೇಳುವ ನಾವು ನಮ್ಮಿಂದ ಅದಕ್ಕೆ ಏನಾಗುತ್ತದೆ ಎಂದು ಕೇಳುವುದಿಲ್ಲ.

ಜ್ವರ ಬಂದ ಬೆಕ್ಕಿಗೆ ಮಕ್ಕಳ ಪ್ಯಾರಸಿಟಮಾಲ್ ಕುಡಿಸಿದವರನ್ನು ನಾನು ನೋಡಿದ್ದೇನೆ. ಅದು ಬೆಕ್ಕಿಗೆ ವಿಷ. ಮನುಷ್ಯನ ಯಕೃತ್ತಿನಲ್ಲಿ ಅದನ್ನು ನಿರುಪದ್ರವಿ ಮಾಡುವ ಕ್ರಿಯೆ ಬೆಕ್ಕಿನಲ್ಲಿ ತೀರಾ ದುರ್ಬಲ. ಒಂದೇ ಮಾತ್ರೆ ಸಾಯಿಸಬಲ್ಲದು. ಇದೇ ಕಾರಣಕ್ಕೆ ನೆಲ ಒರೆಸುವ ಫಿನಾಯಿಲ್ ಕೂಡ ಅಪಾಯ. ಒದ್ದೆ ನೆಲದಲ್ಲಿ ನಡೆದು ಕಾಲು ನೆಕ್ಕಿದರೆ ಅದು ಹೊಟ್ಟೆಗೆ ಹೋಗುತ್ತದೆ. ಬೆಕ್ಕು ಓಡಾಡುವಲ್ಲಿ ಸಾಬೂನು ನೀರು ಬಳಸಿ. ಫಿನಾಯಿಲ್ ಹಾಕಲೇಬೇಕಾದರೆ ನೆಲ ಪೂರ್ತಿ ಒಣಗುವ ತನಕ ಬೆಕ್ಕನ್ನು ದೂರವಿಡಿ. ನಾಯಿಗೆ ಹಚ್ಚುವ ಚಿಗಟದ ಔಷಧವನ್ನು ಬೆಕ್ಕಿಗೆ ಹಚ್ಚಬೇಡಿ. ಅದರಲ್ಲಿರುವ ಪರ್ಮೆಥ್ರಿನ್ ಬೆಕ್ಕಿನ ಜೀವ ತೆಗೆಯಬಹುದು.

ಹಾಲು? ಮರಿಗಳಿಗೆ ತಾಯಿ ಹಾಲು ಸರಿ. ಬೆಳೆದ ಬೆಕ್ಕುಗಳಲ್ಲಿ ಹಲವಕ್ಕೆ ಹಸುವಿನ ಹಾಲು ಜೀರ್ಣವಾಗದೆ ಭೇದಿಯಾಗುತ್ತದೆ. ಶುದ್ಧ ನೀರು ಇಡಿ. ಅನ್ನ, ಸಾರು ಮಾತ್ರ ತಿಂದು ಬೆಕ್ಕು ಆರೋಗ್ಯವಾಗಿರಲಾರದು. ಮಾಂಸದಲ್ಲಿರುವ ಟಾರಿನ್ ಎಂಬ ಅಂಶ ಸಿಗದಿದ್ದರೆ ಅದರ ಕಣ್ಣು, ಹೃದಯ ಹಾಳಾಗುತ್ತವೆ. ಉಪ್ಪು ಖಾರ ಹಾಕದೆ ಬೇಯಿಸಿದ, ಮುಳ್ಳು ತೆಗೆದ ಮೀನು ಅಥವಾ ಕೋಳಿ ಕೊಡಿ. ನೀರುಳ್ಳಿ, ಬೆಳ್ಳುಳ್ಳಿ ಬೆಕ್ಕಿನ ರಕ್ತಕಣಗಳನ್ನು ಒಡೆಯುತ್ತವೆ. ಆದ್ದರಿಂದ ಬಿರಿಯಾನಿಯ ಉಳಿಕೆ ಬೇಡ.

ಮೂರು ತಿಂಗಳಾದ ಮರಿಗೆ ಪಶು ಆಸ್ಪತ್ರೆಯಲ್ಲಿ ರೇಬೀಸ್ ಲಸಿಕೆ ಹಾಕಿಸಿ, ನಂತರ ವೈದ್ಯರು ಹೇಳಿದಂತೆ ವರ್ಷಕ್ಕೊಮ್ಮೆ. ಜಂತುಹುಳದ ಔಷಧವನ್ನೂ ಕೇಳಿ ಕೊಡಿ. ಎಂಟು ವಾರ ತುಂಬುವ ಮೊದಲು ಮರಿಯನ್ನು ತಾಯಿಯಿಂದ ಬೇರ್ಪಡಿಸಬೇಡಿ. ಹೆಣ್ಣು ಬೆಕ್ಕು ಐದಾರು ತಿಂಗಳಿಗೇ ಗರ್ಭ ಧರಿಸಬಹುದು, ಸುಮಾರು ಒಂಬತ್ತು ವಾರಕ್ಕೆ ಮರಿ ಹಾಕುತ್ತದೆ. ವರ್ಷದಲ್ಲಿ ಎರಡು ಮೂರು ಸಲ ಮರಿ ಹಾಕಿದರೆ ಸಾಕುವವರು ಯಾರು? ಕೊನೆಗೆ ಅವು ಗೋಣಿಗೇ ಬೀಳುತ್ತವೆ. ಸಂತಾನಹರಣ ಶಸ್ತ್ರಚಿಕಿತ್ಸೆಯ ಬಗ್ಗೆ ವಿದ್ವಾಂಸರಲ್ಲಿ ಭಿನ್ನಾಭಿಪ್ರಾಯವಿದೆ. ಪ್ರಾಣಿಗೆ ಹಾನಿಯಾಗದಂತೆ, ಪ್ರಯೋಜನಕ್ಕಾಗಿ ಮಾಡುವುದನ್ನು ಅನುಮತಿಸಿದವರಿದ್ದಾರೆ. ನಿಮ್ಮ ಉಸ್ತಾದರಲ್ಲಿ ಕೇಳಿ, ಪಶುವೈದ್ಯರಲ್ಲಿಯೂ ಕೇಳಿ.

ಕಾಡಿನ ಬೆಕ್ಕುಗಳು

ಕೆಲವರು ಮನೆಯ ಬೆಕ್ಕನ್ನು ಕಾಡಿನ ಅಂಚಿನಲ್ಲಿ ಬಿಟ್ಟು, ಅದು ಹೇಗೂ ಬದುಕಿಕೊಳ್ಳುತ್ತದೆ ಎಂದು ಸಮಾಧಾನಪಡುತ್ತಾರೆ. ಅಂಗಳದಲ್ಲಿ ಬೆಳೆದ ಬೆಕ್ಕಿಗೆ ಕಾಡು ಗೊತ್ತಿಲ್ಲ. ಅಷ್ಟೇ ಅಲ್ಲ, ಅದರ ರೋಗಗಳು ಅಲ್ಲಿರುವ ಕಾಡುಬೆಕ್ಕುಗಳಿಗೂ ಹರಡಬಹುದು.

ಹೌದು, ನಮ್ಮ ರಾಜ್ಯದಲ್ಲಿ ಹುಲಿ, ಚಿರತೆ ಮಾತ್ರವಲ್ಲದೆ ಅವುಗಳ ಪುಟ್ಟ ಬಂಧುಗಳೂ ಇವೆ. ಮಲೆನಾಡಿನ ಕಾಡು, ಕಾಫಿ ತೋಟಗಳಲ್ಲಿ ಚಿರತೆಯಂತೆಯೇ ಚುಕ್ಕೆಗಳಿರುವ ಚಿರತೆ ಬೆಕ್ಕು ಇದೆ. ಬಯಲುಸೀಮೆಯ ಕಬ್ಬಿನ ಗದ್ದೆ, ಕೆರೆಯಂಚಿನ ಹುಲ್ಲಿನಲ್ಲಿ ಉದ್ದ ಕಾಲಿನ, ಗಿಡ್ಡ ಬಾಲದ ಕಾಡುಬೆಕ್ಕು ಇಲಿ ಹಿಡಿದು ರೈತನಿಗೆ ಸಂಬಳವಿಲ್ಲದೆ ದುಡಿಯುತ್ತದೆ. ತುಕ್ಕಿನ ಬಣ್ಣದ ಚುಕ್ಕೆಗಳ ಬೆಕ್ಕಂತೂ ಲೋಕದ ಅತಿ ಚಿಕ್ಕ ಕಾಡುಬೆಕ್ಕುಗಳಲ್ಲಿ ಒಂದು. ತೂಕ ಸುಮಾರು ಒಂದರಿಂದ ಒಂದೂವರೆ ಕಿಲೋ, ಮನೆಯ ಬೆಕ್ಕಿಗಿಂತಲೂ ಪುಟ್ಟದು. ಭಾರತ, ಶ್ರೀಲಂಕಾ ಮತ್ತು ನೇಪಾಳದಲ್ಲಿ ಮಾತ್ರ ಅದು ಕಾಣಸಿಗುತ್ತದೆ.

ಕಬ್ಬು ಕಡಿಯುವಾಗ ಮರಿಗಳು ಸಿಕ್ಕರೆ ಅನಾಥವೆಂದು ಮನೆಗೆ ತರಬೇಡಿ. ತಾಯಿ ಹತ್ತಿರದಲ್ಲೇ ಇರುತ್ತದೆ. ಜನ ದೂರ ಸರಿದರೆ ರಾತ್ರಿ ಬಂದು ಒಯ್ಯುತ್ತದೆ. ಅರಣ್ಯ ಇಲಾಖೆಗೆ ತಿಳಿಸಿ. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯಂತೆ ಇವುಗಳನ್ನು ಹಿಡಿಯುವುದು, ಸಾಕುವುದು, ಕೊಲ್ಲುವುದು ಅಪರಾಧ.

ಉಬ್ಬಸಕ್ಕೆ ಕಾಡುಬೆಕ್ಕಿನ ಮಾಂಸ ಮದ್ದು ಎಂದು ಯಾರಾದರೂ ಹೇಳಿದರೆ ಕೇಳಬೇಡಿ. ಕೋರೆಹಲ್ಲಿನಿಂದ ಬೇಟೆಯಾಡುವ ಪ್ರಾಣಿಯ ಮಾಂಸ ತಿನ್ನುವುದನ್ನು ಪ್ರವಾದಿ(ಸ)ರು ತಡೆದಿದ್ದಾರೆ. ಉಬ್ಬಸ ಅದರಿಂದ ಗುಣವಾಗುವುದೂ ಇಲ್ಲ. ಪುನುಗು ಬೆಕ್ಕಿನ ಸುಗಂಧವನ್ನು ನಮ್ಮ ಹಳೆಯ ಯುನಾನಿ ಗ್ರಂಥಗಳು ‘ಝಬಾದ್’ ಎಂಬ ಹೆಸರಿನಲ್ಲಿ ಹೇಳಿವೆ. ನಿಜವಾಗಿ ಪುನುಗು ಬೆಕ್ಕು ಬೆಕ್ಕಿನ ಜಾತಿಯೇ ಅಲ್ಲ. ಅದೂ ಕಾನೂನಿನ ರಕ್ಷಣೆಯಲ್ಲಿರುವ ಪ್ರಾಣಿ. ಹಳೆಯ ಗ್ರಂಥದಲ್ಲಿದೆ ಎಂಬುದು ಅದನ್ನು ಪಂಜರದಲ್ಲಿಟ್ಟು ಹಿಂಸಿಸಲು ಕಾರಣವಾಗದು.

ಆ ಹುಡುಗ

ಆ ಸಂಜೆ ಕ್ಲಿನಿಕ್‌ನ ನಲ್ಲಿಯ ಕೆಳಗೆ ಹುಡುಗನ ಕೈಯನ್ನು 15 ನಿಮಿಷ ತೊಳೆಸಿ, ಆಗಲೇ ಸರ್ಕಾರಿ ಆಸ್ಪತ್ರೆಗೆ ಕಳಿಸಿದೆ. ಎರಡು ದಿನ ತಡವಾಗಿತ್ತು. ತಡವಾಯಿತೆಂದು ಹೋಗದೆ ಇರುವುದು ಇನ್ನೂ ದೊಡ್ಡ ತಪ್ಪು. ರಕ್ತ ಬಂದಿದ್ದರಿಂದ ಲಸಿಕೆ, ಇಮ್ಯುನೋಗ್ಲೋಬುಲಿನ್ ಎರಡೂ ಆಯಿತು. ಬೆಕ್ಕು ಹತ್ತು ದಿನ ಕಳೆದರೂ ಆರೋಗ್ಯವಾಗಿಯೇ ಇತ್ತು. ಅದಕ್ಕೂ ಪಶು ಆಸ್ಪತ್ರೆಯಲ್ಲಿ ಚುಚ್ಚುಮದ್ದು ಹಾಕಿಸಿದರು. ಮರಳು ತಟ್ಟೆಯ ಕೆಲಸವನ್ನು ಹುಡುಗನ ತಂದೆ ವಹಿಸಿಕೊಂಡರು. ಹೆರಿಗೆಯೂ ಸುಸೂತ್ರವಾಯಿತು. ಅಲ್‌ಹಮ್ದುಲಿಲ್ಲಾಹ್, ತಾಯಿ ಮಗು ಇಬ್ಬರೂ ಚೆನ್ನಾಗಿದ್ದಾರೆ.

ಅಂದು ನಾನು ಹಿಂದಿನಂತೆ “ಬಿಟ್ಟುಬಿಡಿ” ಎಂದಿದ್ದರೆ ಹುಡುಗ ಬಾಯಿ ಬಿಡುತ್ತಿರಲಿಲ್ಲ.

ಬೆಕ್ಕು ಇರುವ ಮನೆಯವರು ಇಂದೇ ಒಂದು ಕೆಲಸ ಮಾಡಿ. ಮಕ್ಕಳನ್ನು ಹತ್ತಿರ ಕೂರಿಸಿಕೊಂಡು ಮಾತು ಕೊಡಿ: ಪರಚಿದ್ದನ್ನು, ಕಚ್ಚಿದ್ದನ್ನು ಹೇಳಿದರೆ ನಾವು ಬೈಯುವುದಿಲ್ಲ, ಬೆಕ್ಕನ್ನು ಎಲ್ಲಿಗೂ ಬಿಡುವುದಿಲ್ಲ. ನಂತರ ಅವರ ಕೈಕಾಲುಗಳನ್ನು ಒಮ್ಮೆ ನೋಡಿ.